ದೊಡ್ಡ ಮಾಂಸ ಎಷ್ಟು ಬೇಯಿಸಿದರೂ ಮೆತ್ತಗಾಗುತ್ತಿಲ್ಲ, ಏನು ಮಾಡಲಿ?

ಕೇಳುತ್ತಿರುವವರು, ವಿಜಯಪುರದಿಂದ:

ಕೆಲಸಕ್ಕೆಂದು ವಿಜಯಪುರಕ್ಕೆ ಬಂದು ಆರು ತಿಂಗಳಾಯಿತು. ರೂಮಿನಲ್ಲಿ ಮೂವರು ಹುಡುಗರು. ಮಟನ್ ನಮ್ಮ ಕೈಗೆ ಎಟುಕುವುದಿಲ್ಲ, ಹಾಗಾಗಿ ಭಾನುವಾರ ಒಂದು ಕಿಲೋ ಎಮ್ಮೆ ಮಾಂಸ ತರುತ್ತೇವೆ. ಎಲುಬು, ನರ ಇಲ್ಲದ ಕೆಂಪು ತುಂಡುಗಳನ್ನೇ ಆರಿಸಿ ತರುತ್ತೇನೆ. ಕುಕ್ಕರಿನಲ್ಲಿ ಆರು ಸೀಟಿ ಹೊಡೆಸಿದೆ, ರಬ್ಬರ್ ಥರ ಆಯಿತು. ಇನ್ನೂ ನಾಲ್ಕು ಹೊಡೆಸಿದೆ, ಒಣ ನಾರಾಯಿತು. ಸಾರು ಮಾತ್ರ ರುಚಿ ಇರುತ್ತದೆ. ರೊಟ್ಟಿ ಅದ್ದಿಕೊಂಡು ತಿಂದು ಮಾಂಸ ಪಕ್ಕಕ್ಕೆ ಇಡುತ್ತೇವೆ, ದುಡ್ಡು ಕೊಟ್ಟು ತಂದದ್ದು ಅಂತ ಹೊಟ್ಟೆ ಉರಿಯುತ್ತದೆ. ಅವ್ವನಿಗೆ ಫೋನ್ ಮಾಡಿದರೆ ‘ಬೇಯೋ ತನಕ ಬೇಯಿಸಪ್ಪಾ’ ಅನ್ನುತ್ತಾಳೆ. ಎಷ್ಟು ಹೊತ್ತು ಅಂತ ಅವಳು ಯಾವತ್ತೂ ಗಡಿಯಾರ ನೋಡಿದವಳಲ್ಲ. ತಿಳಿದವರು ಹೇಳಿ.

ಬಾಗಲಕೋಟೆಯಿಂದ:

ತಮ್ಮಾ, ನೀನು ತರುವ ತುಂಡೇ ಸಾರಿಗೆ ಬರುವಂಥದ್ದಲ್ಲ. ಅದನ್ನು ಖೀಮಾ ಮಾಡಿಸು. ಸಾರಿಗಾದರೆ ಮೊಣಕಾಲಿನ ಕೆಳಗಿನ ಮಾಂಸ, ಅಂಗಡಿಯಲ್ಲಿ ಬೋಂಗ್ ಅಂತ ಕೇಳು. ಸಿಗದಿದ್ದರೆ ಕುತ್ತಿಗೆ ಅಥವಾ ಎದೆ ಭಾಗ ತೊಗೋ. ಒಂದೆರಡು ನಲ್ಲಿ ಎಲುಬು, ಅಂದರೆ ಒಳಗೆ ಮಜ್ಜೆ ಇರುವ ಕೊಳವೆ ಎಲುಬು, ಹಾಕಿಸಿಕೋ. ನರ ಇದ್ದದ್ದೇ ಸಾರಿಗೆ ಒಳ್ಳೆಯದು, ಬೆಲೆಯೂ ಕಡಿಮೆ.

ಬೆಳಗಾವಿ ಕ್ಯಾಂಪಿನಿಂದ:

ಬಾಗಲಕೋಟೆಯ ಅಣ್ಣಾವರು ಹೇಳಿದ್ದು ಖರೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಾನೂ ಮದುವೆಯಾದ ಹೊಸತರಲ್ಲಿ ಇದೇ ತಪ್ಪು ಮಾಡಿ ಅತ್ತವಳು.

ಮೊದಲು ಪ್ರಾಣಿಯ ವಯಸ್ಸು ನೋಡಪ್ಪಾ. ನಮ್ಮ ರಾಜ್ಯದಲ್ಲಿ 2021ರಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ ಕಡಿಯಬಹುದು. ಅಂದರೆ ನಿನ್ನ ಕುಕ್ಕರಿಗೆ ಬರುವುದು ವಯಸ್ಸಾದ ಪ್ರಾಣಿಯೇ. ವಯಸ್ಸಾದ ಹಾಗೆ ನರ ಗಟ್ಟಿಯಾಗುತ್ತದೆ. ಬೇರೆ ದೇಶದವರ ವಿಡಿಯೋ ನೋಡಿ ಅವರು ಹೇಳಿದಷ್ಟೇ ನಿಮಿಷ ಬೇಯಿಸಿದರೆ ಇಲ್ಲಿ ಸಾಕಾಗುವುದಿಲ್ಲ.

ಆ ನರದಲ್ಲಿ ಇರುವುದು ಕೊಲಾಜನ್ ಅನ್ನುವ ಗಟ್ಟಿ ಪ್ರೋಟೀನ್. ಬಿಸಿ 60-70 ಡಿಗ್ರಿಗೆ ಬರುವಾಗ ಮಾಂಸದ ಎಳೆಗಳು ಬಿಗಿದುಕೊಂಡು ನೀರು ಬಿಡುತ್ತವೆ. ನೀನು ಹೇಳಿದ ರಬ್ಬರ್ ಅದೇ. ಕೊಲಾಜನ್ ಕರಗುವುದು ಅದಕ್ಕಿಂತ ಹೆಚ್ಚು ಬಿಸಿಯಲ್ಲಿ, ಅದೂ ನಿಧಾನಕ್ಕೆ. ಕರಗಿ ಜೆಲಟಿನ್ ಆದಾಗ ಎಳೆ ಬಿಡಿಸಿಕೊಳ್ಳುತ್ತದೆ, ಸಾರು ತುಟಿಗೆ ಅಂಟುತ್ತದೆ. ಅಂದರೆ ಮಾಂಸ ಮೊದಲು ಗಟ್ಟಿಯಾಗಿ ಆಮೇಲೆ ಮೆತ್ತಗಾಗುವುದು. ನಡುವೆ ಮುಟ್ಟಿ ನೋಡಿ ಕೆಟ್ಟಿತು ಅಂತ ಎಷ್ಟು ಜನ ಇಳಿಸಿಬಿಡುತ್ತಾರೆ! ನಿನ್ನ ಕೆಂಪು ತುಂಡಿನಲ್ಲಿ ಕರಗಲು ನರವೇ ಜಾಸ್ತಿ ಇಲ್ಲ, ಹಾಗಾಗಿ ಬೇಯಿಸಿದಷ್ಟೂ ಒಣಗಿತು.

ಈಗ ಮಾಡುವ ರೀತಿ. ಒಂದು ಕಿಲೋ ಬೋಂಗ್, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ತುಂಡು. ಬೆಂದ ಮೇಲೆ ಕುಗ್ಗುತ್ತದೆ, ಅದಕ್ಕೇ ಸಣ್ಣ ಮಾಡಿಸಬೇಡ. ಉಪ್ಪು, ಅರಿಶಿನ, ಶುಂಠಿ, ಬಳ್ಳೊಳ್ಳಿ ಹಚ್ಚಿ ಒಂದು ತಾಸು ಇಡು. ಮೂರು ಉಳ್ಳಾಗಡ್ಡಿ ಕಂದು ಬಣ್ಣ ಬರುವ ತನಕ ಹುರಿ. ಮಾಂಸ ಹಾಕಿ ಉರಿ ಜೋರು ಮಾಡು. ಅದು ಬಿಟ್ಟ ನೀರೆಲ್ಲ ಆರಿ ಎಣ್ಣೆ ಕಾಣಿಸಬೇಕು. ಇಲ್ಲಿ ಅವಸರ ಮಾಡಬೇಡ, ಸಾರಿನ ಬಣ್ಣ, ರುಚಿ ಎರಡೂ ಇಲ್ಲೇ ಆಗುವುದು. ಆಮೇಲೆ ಬಿಸಿ ನೀರು, ಮಾಂಸ ಮುಳುಗಿಯೂ ಮುಳುಗದಷ್ಟು.

ಮೊದಲ ಸೀಟಿ ಆದ ಕೂಡಲೇ ಉರಿ ಪೂರ್ತಿ ಸಣ್ಣ ಮಾಡು. ಅಲ್ಲಿಂದ 45 ನಿಮಿಷ. ಸೀಟಿ ಎಣಿಸುವುದು ಬಿಟ್ಟುಬಿಡು, ಉರಿ ಜೋರಿದ್ದರೆ ಹತ್ತು ಸೀಟಿ ಕಾಲು ತಾಸಿನಲ್ಲೇ ಮುಗಿದುಹೋಗುತ್ತದೆ. ಹಬೆ ತಾನೇ ಇಳಿಯಲಿ, ಸೀಟಿ ಎತ್ತಬೇಡ. ತೆಗೆದ ಮೇಲೆ ನರ ಇರುವ ತುಂಡನ್ನೇ ಚಮಚದಿಂದ ಒತ್ತಿ ನೋಡು. ಜಾರಿದರೆ ಇನ್ನೂ 15 ನಿಮಿಷ. ಒತ್ತಿದ ಹಾಗೆ ಬಿಡಿಸಿಕೊಂಡರೆ ಮಸಾಲೆ ಖಾರ, ಹುರಿದು ಅರೆದ ಒಣಕೊಬ್ಬರಿ ಹಾಕಿ ಮುಚ್ಚಳ ಇಲ್ಲದೆ 20 ನಿಮಿಷ ಕುದಿಸು. ಕೊಬ್ಬರಿ ಮೊದಲೇ ಹಾಕಿದರೆ ತಳ ಹಿಡಿಯುತ್ತದೆ.

ಭಾನುವಾರ ಪುರುಸೊತ್ತು ಇದ್ದರೆ ಬೋಗುಣಿಯಲ್ಲಿ ಮಾಡು, ಮೂರು ಮೂರೂವರೆ ತಾಸು. ನನಗೆ ಅದೇ ಇಷ್ಟ. ಮೇಲೆ ಗುಂಡಿ ತಟ್ಟೆ ಮುಚ್ಚಿ ಅದರಲ್ಲಿ ನೀರು ಹಾಕು. ಒಳಗಿನ ಹಬೆ ತಟ್ಟೆಗೆ ತಾಗಿ ಕೆಳಗೇ ಇಳಿಯುತ್ತದೆ, ಸಾರು ಕಡಿಮೆಯಾದರೆ ತಟ್ಟೆಯ ಬಿಸಿ ನೀರನ್ನೇ ಹಾಕಬಹುದು. ಕುದಿ ಬಂದೂ ಬಾರದ ಹಾಗೆ ಇರಬೇಕು. ನಮ್ಮ ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಇಲ್ಲಿ ನೀರು ಕುದಿಯುವುದು 97-98 ಡಿಗ್ರಿಗೇ. ಕುಕ್ಕರಿನೊಳಗೆ 120ರ ಹತ್ತಿರ ಹೋಗುತ್ತದೆ. ತಾಸುಗಟ್ಟಲೆ ಕೆಲಸ ಮುಕ್ಕಾಲು ತಾಸಿಗೆ ಆಗುವುದು ಅದಕ್ಕೇ.

ವಿಜಯಪುರದಿಂದಲೇ, ಇನ್ನೊಬ್ಬರು:

ಪಪಾಯ ಹಾಕು ಅಂತ ಯಾರಾದರೂ ಹೇಳುತ್ತಾರೆ, ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ. ಹಸಿ ಪಪಾಯ ಕಬಾಬಿಗೆ ಒಳ್ಳೆಯದು. ಸಿಪ್ಪೆ ಸಮೇತ ಅರೆದದ್ದು ಕಿಲೋಗೆ ಒಂದು ದೊಡ್ಡ ಚಮಚ, ಅರ್ಧ ತಾಸು. ನಾನು ಒಮ್ಮೆ ರಾತ್ರಿಯಿಡೀ ಹಚ್ಚಿಟ್ಟೆ, ಬೆಳಿಗ್ಗೆ ಮೇಲೆಲ್ಲ ಹಿಟ್ಟಿನ ಥರ ಆಗಿತ್ತು, ಒಳಗೆ ಹಾಗೇ ಗಟ್ಟಿ. ತಾಸುಗಟ್ಟಲೆ ಬೇಯುವ ಸಾರಿಗೆ ಅದು ಬೇಡ.

ಸಾರು ಮಿಕ್ಕಿದರೆ ಮರುದಿನ ದಾಲ್ಚಾ ಮಾಡಿ. ಕಡಲೆಬೇಳೆ, ಸೋರೆಕಾಯಿ, ಎರಡು ಮೂಳೆ. ಹುಣಸೆ ರಸ ಕೊನೆಗೆ, ಮೊದಲೇ ಹಾಕಿದರೆ ಬೇಳೆ ಬೇಯುವುದೇ ಇಲ್ಲ. ಇನ್ನೊಂದು, ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತದೆ. ರಾತ್ರಿ ಹೊರಗೆ ಇಡಬೇಡಿ. ಆರಿದ ಕೂಡಲೇ ಸಾರಿನ ಸಮೇತ ಫ್ರಿಜ್ಜಿಗೆ, ತಿನ್ನುವಾಗ ಚೆನ್ನಾಗಿ ಕುದಿಸಿ.

ಬಾಗಲಕೋಟೆಯಿಂದ, ಮತ್ತೆ:

ರಾತ್ರಿ ಫ್ರಿಜ್ಜಿನಲ್ಲಿಟ್ಟಾಗ ಸಾರು ಗಟ್ಟಿಯಾಗಿ ಅಲುಗಾಡಿದರೆ ಹೆದರಬೇಡ ತಮ್ಮಾ. ಅಕ್ಕಾವರು ಹೇಳಿದ ಜೆಲಟಿನ್ ಅದೇ.

ಕೇಳಿದವರು, ಮುಂದಿನ ಭಾನುವಾರ:

ಬೋಂಗ್ ಸಿಕ್ಕಿತು. 45 ನಿಮಿಷಕ್ಕೆ ತೆಗೆದು ನೋಡಿದೆ, ನರ ಇನ್ನೂ ಜಾರುತ್ತಿತ್ತು. ಮೊದಲಿನ ಹಾಗಾಗಿದ್ದರೆ ಅಲ್ಲೇ ಕೈಬಿಡುತ್ತಿದ್ದೆ. ಮತ್ತೆ 20 ನಿಮಿಷ ಇಟ್ಟೆ. ಆಮೇಲೆ ಚಮಚ ತಾಗಿಸಿದರೆ ಸಾಕು, ಬಿಡಿಸಿಕೊಂಡಿತು. ಮೂವರೂ ಸೇರಿ ಹನ್ನೊಂದು ಜೋಳದ ರೊಟ್ಟಿ ತಿಂದೆವು. ಅವ್ವನಿಗೆ ಫೋಟೋ ಕಳಿಸಿದೆ, ‘ಬೆಂದದ್ದು ಕಾಣುತ್ತೆ’ ಅಂದಳು. ಎರಡು ಮೂಳೆ, ಸ್ವಲ್ಪ ಸಾರು ಎತ್ತಿಟ್ಟಿದ್ದೇನೆ. ದಾಲ್ಚಾಕ್ಕೆ ಕಡಲೆಬೇಳೆ ಕಾಲು ಕಿಲೋ ಸಾಕಾಗುತ್ತದಾ?