ಕೋರೆಗೆ ಪುನಃ ಬೆಂಕಿ

ಮೂಲೆಮನೆ ಅಕ್ಕ, ಬೆಳಿಗ್ಗೆ 5:40
ರಾತ್ರಿ ಯಾರಿಗಾದರೂ ನಿದ್ದೆ ಬಂತಾ? ಕೋರೆಯ ಕಸದ ರಾಶಿಗೆ ಪುನಃ ಬೆಂಕಿ ಕೊಟ್ಟಿದ್ದಾರೆ. ಕಿಟಕಿ ಸಂದಿಗೆ ಒದ್ದೆ ಬೈರಾಸು ತುರುಕಿದರೂ ಹೊಗೆ ಒಳಗೆ. ಅತ್ತೆಗೆ ಉಬ್ಬಸ ಜೋರಾಗಿ ಎರಡು ಸಲ ನೆಬುಲೈಸರ್ ಇಟ್ಟದ್ದು. ಮಗುವಿನ ಮೂಗು ಒರೆಸಿದರೆ ಬಟ್ಟೆಯಲ್ಲಿ ಮಸಿ. ಇನ್ನು ನಾನು ಸುಮ್ಮನಿರುವುದಿಲ್ಲ. ಕೊಟ್ಟವರು ಈ ಗ್ರೂಪಿನಲ್ಲೇ ಇದ್ದರೆ ಓದಿಕೊಳ್ಳಲಿ.

ಬಾವಿಮನೆ ಭಟ್ರು, 5:52
ನಮ್ಮಲ್ಲೂ ಅದೇ ಅವಸ್ಥೆ. ಬಾವಿಕಟ್ಟೆ ಮೇಲೆಲ್ಲ ಬೂದಿ. ದೇವರಿಗೆ ನೀರು ಸೇದ್ಲಿಕ್ಕೆ ಮನಸ್ಸು ಬರುವುದಿಲ್ಲ.

ರೈಗಳು, 6:05
ನಾನು ಮೊದಲೇ ಹೇಳಿದ್ದೆ. ಎಲ್ಲ ಆ ಕ್ವಾರ್ಟರ್ಸಿನವರ ಕೆಲಸ. ಬಾಡಿಗೆಗೆ ಬಂದವರಿಗೆ ಊರು ಎಂತಕ್ಕೆ? ರಾತ್ರಿ ಬೈಕಲ್ಲಿ ಬಂದು ಚೀಲ ಬಿಸಾಡಿ ಹೋಗುವುದು.

ಕ್ವಾರ್ಟರ್ಸ್ ಮೇಲಿನ ಮನೆ, 6:11
ರೈಗಳೇ, ನಾವು ತಿಂಗಳಿಗೆ 50 ರೂಪಾಯಿ ಕೊಟ್ಟು, ಮನೆಮನೆಗೆ ಬಂದು ಒಣ ಕಸ ಒಯ್ಯುವ ಹರಿತ ಕರ್ಮ ಸೇನೆಯ ಅಕ್ಕಂದಿರಿಗೆ ಪ್ಲಾಸ್ಟಿಕ್ ಕೊಡುವವರು. ತೊಳೆದು ಒಣಗಿಸಿಯೇ ಕೊಡುವುದು. ರಶೀದಿ ಬೇಕಾದರೆ ಹಾಕ್ತೇನೆ. ನಿಮ್ಮ ಗೇಟಿಂದ ಆ ಅಕ್ಕಂದಿರನ್ನು ಬೈದು ಕಳಿಸಿದ್ದನ್ನು ನಾನು ನೋಡಿದ್ದೇನೆ.

ರೈಗಳು, 6:14
ನಮಗೆ 30 ಸೆಂಟ್ಸ್ ಹಿತ್ತಿಲು ಉಂಟು. ನಮ್ಮದು ನಾವೇ ಸುಡ್ತೇವೆ. ಅದಕ್ಕೆ 50 ರೂಪಾಯಿ ಎಂತಕ್ಕೆ?

ಮಾಷ್ಟ್ರು, 6:30
ಹಿತ್ತಿಲಲ್ಲಿ ಸುಟ್ಟರೂ ಹೊಗೆ ಹೊಗೆಯೇ ರೈಗಳೇ. ಪೈಪಿನ ತುಂಡು, ವಯರು, ರೆಕ್ಸಿನ್, ಇದೆಲ್ಲ ಪಿವಿಸಿ. ಸುಟ್ಟರೆ ಡಯಾಕ್ಸಿನ್ ಬರ್ತದೆ. ಅದು ಹುಲ್ಲಿಗೆ ಕೂತು ದನದ ಹಾಲಿಗೆ ಬರುವ ವಿಷ. ಎಂಡೋಸಲ್ಫಾನ್ ಕೀಟನಾಶಕದ ಅನಾಹುತ ಕಂಡ ಕಾಸರಗೋಡು ಜಿಲ್ಲೆಯವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಟೈಲರಣ್ಣ, 6:41
ಫಾರ್ವರ್ಡ್ ಮಾಡಿದ ಸಂದೇಶ: ಬಿಸಿನೀರಿಗೆ ಲಿಂಬೆ ಹಿಂಡಿ ಕುಡಿದರೆ ಶ್ವಾಸಕೋಶದ ಹೊಗೆ ಮೂರೇ ದಿನದಲ್ಲಿ ಹೊರಗೆ!! ಹತ್ತು ಗ್ರೂಪಿಗೆ ಕಳಿಸಿ 🙏🙏

ಮೂಲೆಮನೆ ಅಕ್ಕ, 6:44
ಟೈಲರಣ್ಣ, ದಮ್ಮಯ್ಯ, ಇವತ್ತು ಬೇಡ.

ಗಲ್ಫ್ ಮನೆ ತಮ್ಮ, 7:02
ಫೈರ್ ಫೋರ್ಸ್ ಬಂದಿತ್ತಲ್ಲ? ಒಂದು ಟ್ಯಾಂಕಿ ನೀರು ಪೂರಾ ಬಿಟ್ಟರು ಅಂತ ಅಮ್ಮ ಹೇಳಿದರು. ಮತ್ತೆ ಹೇಗೆ ಹೊಗೆ?

ಮಾಷ್ಟ್ರು, 7:20
ಬೆಂಕಿ ಮೇಲೆ ಇಲ್ಲ, ಅಡಿಯಲ್ಲಿ ಉಂಟು. ಹಸಿ ಕಸ ಗಾಳಿ ಸಿಗದೆ ಅಡಿಯಲ್ಲಿ ಕೊಳೆತರೆ ಮೀಥೇನ್ ಆಗ್ತದೆ, ಹತ್ತಿಕೊಂಡು ಉರಿಯುವ ಅನಿಲ. ಮೇಲೆ ಪ್ಲಾಸ್ಟಿಕ್ಕಿನ ಪದರ ಇದ್ದರೆ ನೀರು ಕೆಳಗೆ ಇಳಿಯುವುದೇ ಇಲ್ಲ. ಕೊಚ್ಚಿಯ ಬ್ರಹ್ಮಪುರಂ ಕಸದ ಯಾರ್ಡಿನಲ್ಲಿ 2023ರ ಮಾರ್ಚ್ 2ಕ್ಕೆ ಹತ್ತಿದ್ದು ಆರಲಿಕ್ಕೆ ಹತ್ತು ದಿನ ದಾಟಿತು. ಜೆಸಿಬಿಯಲ್ಲಿ ರಾಶಿ ಮಗುಚಿ ಮಗುಚಿ ನೀರು ಬಿಡಬೇಕಾಯ್ತು. ಹಸಿರು ನ್ಯಾಯಮಂಡಳಿ ಅಲ್ಲಿನ ಕಾರ್ಪೊರೇಷನ್‌ಗೆ 100 ಕೋಟಿ ದಂಡ ಹಾಕಿತು.

ಬಾವಿಮನೆ ಭಟ್ರು, 7:26
ಹೊಗೆ ಮಳೆಗಾಲದಲ್ಲಿ ನಿಲ್ಲಬಹುದು. ನೀರಿನ ಕಥೆ ಎಂತ?

ಮೂಲೆಮನೆ ಅಕ್ಕ, 7:48
ಭಟ್ರು ಕೇಳಿದ್ದೇ ದೊಡ್ಡ ವಿಷಯ. ಕೋರೆ ಅಂದರೆ ಮುರಕಲ್ಲು ಕಡಿದು ಬಿಟ್ಟ ಹೊಂಡ. ಮುರಕಲ್ಲು ತೂತು ತೂತು, ನೀರು ಕುಡಿಯುವ ಕಲ್ಲು. ಮಳೆ ಬಂದಾಗ ಕಸದ ಕೊಳೆನೀರು ಅದರಲ್ಲೇ ಇಳಿಯುವುದು. ನಮ್ಮ ಬಾವಿಗಳೆಲ್ಲ ಇಳಿಜಾರಿನ ಕೆಳಗೆ, ಆಚೆ ಗುಡ್ಡೆಯಲ್ಲಿ ನೀರಿಗೆ ಅಡ್ಡ ಕೊರೆದ ಸುರಂಗವೂ ಕೆಳಗೆ.
ಇವತ್ತು ಬೆಳಕು ಹರಿದ ಕೂಡಲೇ ಹೋಗಿ ನೋಡಿ ಬಂದೆ. ಅರ್ಧ ಬೆಂದ ಚೀಲ ಒಡೆದು ಬಿದ್ದಿತ್ತು. ಒಳಗೆ ಹಲಸಿನ ರಚ್ಚೆ, ಮೀನಿನ ತಲೆ, ಅನ್ನ, ಹಾಲಿನ ತೊಟ್ಟೆ, ಮದುವೆಯ ಪೇಪರ್ ಗ್ಲಾಸು, ಎಲ್ಲ ಒಟ್ಟಿಗೆ. ಹೆಚ್ಚಿನದ್ದು ಅಡಿಗೆಮನೆಯದ್ದೇ. ಅದು ಹಿತ್ತಿಲಲ್ಲೇ ಗೊಬ್ಬರ ಆಗುವಂಥದ್ದು. ಅಗಲದ ಪೈಪು ಎರಡು ತುಂಡು, ಒಂದಡಿ ಮಣ್ಣಲ್ಲಿ ಊರಿ ಮುಚ್ಚಳ ಹಾಕಿದರೆ ಆಯ್ತು. ಆಗಾಗ ಸ್ವಲ್ಪ ಸಗಣಿನೀರು. ಒಂದು ತುಂಬಿದರೆ ಇನ್ನೊಂದು, ಅಷ್ಟೊತ್ತಿಗೆ ಮೊದಲಿನದ್ದು ಗೊಬ್ಬರ. ಹಸಿಯದ್ದು ಕೋರೆಗೆ ಹೋಗದಿದ್ದರೆ ನಾಯಿ ಎಳೆಯುವುದಿಲ್ಲ, ಕೊಳೆನೀರು ಇಲ್ಲ, ಅಡಿಯಲ್ಲಿ ಅನಿಲವೂ ಇಲ್ಲ. ಒಣಗಿದ್ದು ಸೇನೆಯವರಿಗೆ. ಒಟ್ಟಿಗೆ ತಂದರೆ ಪೈಪು ಕಡಿಮೆಗೆ ಸಿಗ್ತದೆ. ಯಾರ್ಯಾರಿಗೆ ಬೇಕು, ಹೆಸರು ಹಾಕಿ.

ಹೊಸಮನೆ ಅಕ್ಕ, 7:55
ಡೈಪರಿಗೆ ಎಂತ ಮಾಡುವುದು? ಪೈಪಿಗೆ ಹಾಕ್ಲಿಕ್ಕಾಗುವುದಿಲ್ಲ, ಪ್ಲಾಸ್ಟಿಕ್ಕಿನೊಟ್ಟಿಗೆ ಕೊಡ್ಲಿಕ್ಕೂ ಆಗುವುದಿಲ್ಲ. ಸುಡುವುದು ಬೇಡ ಅಂತೀರಿ. ದಿನಕ್ಕೆ ನಾಲ್ಕೈದು ಆಗ್ತದೆ.

ಮೂಲೆಮನೆ ಅಕ್ಕ, 7:57
ಹಗಲಿಗೆ ಬಟ್ಟೆಯದ್ದು ಹಾಕಿ ನೋಡಿ ಅಕ್ಕ, ಅರ್ಧ ಕಡಿಮೆ ಆಗ್ತದೆ. ಉಳಿದದ್ದಕ್ಕೆ ವಾರ್ಡ್ ಮೆಂಬರ್ ಹತ್ತಿರ ಕೇಳುವ.

ರೈಗಳು, 8:03
ಮೆಂಬರ್! ವೋಟಿಗೆ ಬಂದವರು ಪುನಃ ಈ ರಸ್ತೆಗೆ ಬಂದಿದ್ದಾರಾ? ಪೈಪು ಗೀಪು ಎಲ್ಲ ಆಮೇಲೆ. ಮೊದಲು ಕಳ್ಳ ಸಿಗಬೇಕು. ಕೋರೆ ತಿರುವಿನಲ್ಲಿ ಕ್ಯಾಮರಾ ಹಾಕುವ. ನನ್ನ ಭಾವನ ಅಂಗಡಿಯಲ್ಲಿ ಕಡಿಮೆಗೆ ಸಿಗ್ತದೆ.

ಕ್ವಾರ್ಟರ್ಸ್ ಮೇಲಿನ ಮನೆ, 8:05
ಹಾಕಿ. ಮೊದಲು ಸಿಕ್ಕಿಬೀಳುವುದು ಯಾರು ಅಂತ ನೋಡುವ.

ರೈಗಳು, 8:06
ಮಾತು ಹಿಡಿತದಲ್ಲಿರಲಿ.

ಅಡ್ಮಿನ್, 8:10
ಇಬ್ಬರೂ ಸಮಾಧಾನ ಮಾಡಿ. ಇಲ್ಲಿ ಜಗಳ ಬೇಡ.

ಟೈಲರಣ್ಣ, 8:16
ರಾತ್ರಿ ಆ ತಿರುವಿನಲ್ಲಿ ಕ್ಯಾಮರಾಕ್ಕೆ ಎಂತ ಕಾಣ್ತದೆ? ಕಂಬದ ಲೈಟೇ ಇಲ್ಲ. ಮೊನ್ನೆ ನನ್ನ ಸ್ಕೂಟರಿಗೆ ನಾಯಿ ಅಡ್ಡ ಬಂತು.

ಗಲ್ಫ್ ಮನೆ ತಮ್ಮ, 8:18
ಹೌದು, ಅಮ್ಮನೂ ಹೇಳ್ತಿದ್ದರು. ಸಂಜೆ ನಡೆಯಲಿಕ್ಕೆ ಹೆದರಿಕೆ.

ಅಡ್ಮಿನ್, 8:31
ಹಾಗಾದರೆ ಮೊದಲು ಲೈಟಿನ ಅರ್ಜಿ ಕೊಡುವ. ಆದಿತ್ಯವಾರ ಸಂಜೆ 5ಕ್ಕೆ ಭಜನಾ ಮಂದಿರದ ಜಗಲಿಯಲ್ಲಿ ಸಹಿ. ಎಲ್ಲರೂ ಬನ್ನಿ.

👍👍👍👍👍👍

ಮೂಲೆಮನೆ ಅಕ್ಕ, 8:40
ಲೈಟಿಗೆ ಸಹಿ ಹಾಕ್ತೇನೆ. ಆದರೆ ಲೈಟು ಬಂದರೆ ಹೊಗೆ ನಿಲ್ಲುವುದಿಲ್ಲ. ಪೈಪಿಗೆ ಇಷ್ಟರವರೆಗೆ ಒಂದು ಹೆಸರೂ ಬರಲಿಲ್ಲ. ಆದಿತ್ಯವಾರ ಅಲ್ಲೇ ಪಟ್ಟಿ ಇಡ್ತೇನೆ.

ಬಾವಿಮನೆ ಭಟ್ರು, 8:52
ನಮ್ಮ ಮನೆಗೆ ಒಂದು ಜೊತೆ ಬರೆದುಕೊಳ್ಳಿ ಅಕ್ಕ.

ಕ್ವಾರ್ಟರ್ಸ್ ಮೇಲಿನ ಮನೆ, 8:53
ನಮಗೂ. ಹಿತ್ತಿಲು ಇಲ್ಲ, ಓನರ್ ಹತ್ತಿರ ಕೇಳಿ ಹೇಳ್ತೇನೆ.

ರೈಗಳು, 8:55
ಎಲ್‌ಇಡಿ ಎಷ್ಟು ವ್ಯಾಟಿನದ್ದು ಕೇಳುವುದು? ಅರ್ಜಿ ನಾನು ಬರೆಯುತ್ತೇನೆ.