ಸಹಾಯ ಬೇಕು: ಚಳ್ಳಕೆರೆ ಕಡೆ ಉಪಗ್ರಹ ನಕ್ಷೆ ಎಷ್ಟು ಸರಿ ಅಂತ ನೋಡಬೇಕು

ಎಲ್ಲರಿಗೂ ನಮಸ್ಕಾರ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ 2021 ನಕ್ಷೆಯನ್ನು (ಎಲ್ಲಿ ಏನಿದೆ ಅಂತ ಉಪಗ್ರಹ ಚಿತ್ರಗಳಿಂದ ಗುರುತಿಸಿದ ನಕ್ಷೆ) ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಮಟ್ಟಿಗೆ ಪರೀಕ್ಷಿಸುತ್ತಿದ್ದೇನೆ. ಅದರ ಒಂದೊಂದು ಪಿಕ್ಸೆಲ್ ನೆಲದ ಮೇಲೆ 10 ಮೀಟರ್ ಅಗಲದ ಚೌಕ; ಮರ, ಹುಲ್ಲು, ಬೆಳೆ, ಬರಡು ಹೀಗೆ ಒಟ್ಟು 11 ವರ್ಗ. ಇಡೀ ಜಗತ್ತಿಗೆ ಸೇರಿ ನಿಖರತೆ ಸುಮಾರು 77% ಅಂತ ಅವರೇ ಹೇಳಿದ್ದಾರೆ. ಅದು ನಮ್ಮ ಹೊಲಗಳಿಗೂ ಹೊಂದುತ್ತದೆ ಅಂತ ಸುಮ್ನೆ ನಂಬೋಕಾಗಲ್ಲ ಅಲ್ವಾ?

ಚನ್ನಗಿರಿಯ ಅಡಿಕೆ ತೋಟ, ಕಾಡು ಎರಡೂ 'ಮರ' ಅಂತಲೇ ಬರುತ್ತವೆ. ಅವರ ವಿವರಣೆಯಲ್ಲಿ ತೋಟವೂ ಮರವೇ, ಹಾಗಾಗಿ ಅದನ್ನು ತಪ್ಪು ಅಂತ ಎಣಿಸುವಂತಿಲ್ಲ. ನನ್ನ ಚಿಂತೆ ಚಳ್ಳಕೆರೆ ಕಡೆಯದು. ಶೇಂಗಾ ಕಿತ್ತ ಮೇಲೆ ಹೊಲ ಬೋಳಾಗುತ್ತದೆ. ಪಕ್ಕದ ಅಮೃತಮಹಲ್ ಕಾವಲಿನ (ದನ ಮೇಯಿಸುವ ಹುಲ್ಲುಗಾವಲಿನ) ಹುಲ್ಲೂ ಬೇಸಿಗೆಗೆ ಒಣಗಿರುತ್ತದೆ. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ. ಕಾವಲು 'ಬೆಳೆ' ಅಂತಲೋ 'ಬರಡು' ಅಂತಲೋ ದಾಖಲಾದರೆ ಅಲ್ಲಿ ಹುಲ್ಲುಗಾವಲೇ ಇಲ್ಲ ಅಂತ ಯಾರಾದರೂ ವಾದಿಸಬಹುದು. ಅದು ಆಗಬಾರದು.

ನಕ್ಷೆಯನ್ನು ನಿಜವಾದ ನೆಲದ ಜೊತೆ ಹೋಲಿಸೋಕೆ ಒಂದೊಂದು ವರ್ಗಕ್ಕೆ ಕನಿಷ್ಠ 50 ಬಿಂದುಗಳನ್ನು (ಜಾಗಗಳನ್ನು) ಕಂಪ್ಯೂಟರಿನಿಂದಲೇ ಆರಿಸಿಕೊಳ್ಳುತ್ತಿದ್ದೇನೆ. ರಸ್ತೆ ಪಕ್ಕ ಸಿಕ್ಕಿದ್ದನ್ನೇ ಹಿಡಿದರೆ ಲೆಕ್ಕ ವಾಲುತ್ತದೆ. ಒಟ್ಟು ಶೇಕಡಾ ಒಂದೇ ಸಾಲದು. ನಕ್ಷೆ 'ಹುಲ್ಲು' ಅಂದಲ್ಲಿ ನಿಜಕ್ಕೂ ಹುಲ್ಲಿದೆಯಾ, ನಿಜವಾದ ಹುಲ್ಲುಗಾವಲಲ್ಲಿ ಎಷ್ಟನ್ನು ನಕ್ಷೆ ಬಿಟ್ಟಿದೆ, ಎರಡನ್ನೂ ಬೇರೆಬೇರೆ ನೋಡಬೇಕು.

ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯವರು ಯಾರಾದರೂ ಇದ್ದೀರಾ? 2021ರಲ್ಲಿ ಆ ಜಾಗದಲ್ಲಿ ಏನಿತ್ತು ಅಂತ ಹೇಳಬಲ್ಲ ರೈತರು, ಕುರಿಗಾಹಿಗಳು ಗೊತ್ತಿದ್ದರೆ ಪರಿಚಯ ಮಾಡಿಸಿ. ಲೊಕೇಶನ್ ಇರುವ ಆ ವರ್ಷದ ಹಳೇ ಫೋಟೋ ಇದ್ದರೂ ಕಳಿಸಿ. ಬಿಂದುಗಳ ಪಟ್ಟಿ ಬೇಕಾದವರು ಕಾಮೆಂಟ್ ಮಾಡಿ, ಊರಿನ ಹೆಸರು ಹೇಳಿದರೆ ಹತ್ತಿರದವನ್ನಷ್ಟೇ ಕೊಡುತ್ತೇನೆ.