ಪ್ಯಾಪ್ ಸ್ಮಿಯರ್ ಸರಿಯಿಲ್ಲ ಅಂತ ಬಂತು, ಕಾಲ್ಪೋಸ್ಕೋಪಿ ಆದವರು ಹೇಳಿ

ನನಗೆ 36. ರಿಪೋರ್ಟ್‌ನಲ್ಲಿ ‘ಎಲ್‌ಎಸ್‌ಐಎಲ್, ಎಚ್‌ಪಿವಿ ಪಾಸಿಟಿವ್’ ಅಂತಿದೆ. ಡಾಕ್ಟರು ಕಾಲ್ಪೋಸ್ಕೋಪಿ ಬರೆದುಕೊಟ್ಟರು. ಮೂರು ದಿನದಿಂದ ನಿದ್ದೆಯಿಲ್ಲ. ಇದು ಕ್ಯಾನ್ಸರ್ರಾ? ತುಂಬಾ ನೋಯುತ್ತಾ? ಗಂಡನಿಗೆ ಏನಂತ ಹೇಳಲಿ?

—

ಮೊದಲು ಒಂದು ಲೋಟ ನೀರು ಕುಡಿಯಿರಿ. ಎಲ್‌ಎಸ್‌ಐಎಲ್ ಅಂದರೆ ಕ್ಯಾನ್ಸರ್ ಅಲ್ಲ. ಎಚ್‌ಪಿವಿ ಅನ್ನೋ ವೈರಸ್‌ನಿಂದ ಗರ್ಭಕೊರಳಿನ ಮೇಲ್ಪದರದ ಕೋಶಗಳು ಸ್ವಲ್ಪ ಬದಲಾಗಿವೆ ಅಂತ ಅಷ್ಟೆ, ಎಷ್ಟೋ ಜನರಿಗೆ ತಾನಾಗಿಯೇ ಸರಿಹೋಗುತ್ತೆ. ಪ್ಯಾಪ್‌ನಲ್ಲಿ ಉಜ್ಜಿ ತೆಗೆದ ಕೋಶ ಮಾತ್ರ ನೋಡೋದು. ತೊಂದರೆ ಎಲ್ಲಿದೆ, ಎಷ್ಟು ಆಳ ಅಂತ ಅದರಿಂದ ಗೊತ್ತಾಗಲ್ಲ. ಅದಕ್ಕೇ ಕಾಲ್ಪೋಸ್ಕೋಪಿ, ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡೋದು.

ಆ ಯಂತ್ರ ಒಳಗೆ ಹೋಗುತ್ತೆ ಅಂತ ನಾನು ಹೆದರಿ ಸತ್ತಿದ್ದೆ. ಹೋಗಲ್ಲ, ದುರ್ಬೀನಿನ ಹಾಗೆ ಹೊರಗೇ ನಿಂತಿರುತ್ತೆ. ಒಳಗೆ ಹಾಕೋದು ಪ್ಯಾಪ್‌ಗೆ ಹಾಕಿದ್ದ ಅದೇ ಸ್ಪೆಕ್ಯುಲಮ್. ವಿನೆಗರ್‌ನಂಥ ನೀರು ಸವರುತ್ತಾರೆ, ಚುರುಚುರು ಅನ್ನುತ್ತೆ, ಅನುಮಾನದ ಜಾಗ ಬೆಳ್ಳಗಾಗುತ್ತೆ. ಅಲ್ಲಿಂದ ಅಕ್ಕಿಕಾಳಿನಷ್ಟು ಚಿವುಟಿ ತೆಗೆದರು, ಅದೇ ಬಯಾಪ್ಸಿ. ಮುಟ್ಟಿನ ನೋವು ಒಂದೇ ಸಲ ಹಿಂಡಿದ ಹಾಗಾಯ್ತು, ಮುಗೀತು. ಮಾರನೇ ದಿನ ಪ್ಯಾಡಿನಲ್ಲಿ ಕಾಫಿಪುಡಿಯಂಥ ಕಪ್ಪು ಕಂಡು ಅತ್ತೇಬಿಟ್ಟೆ. ರಕ್ತ ನಿಲ್ಲಲಿ ಅಂತ ಹಚ್ಚಿದ ಔಷಧಿ ಅದು, ಮೊದಲೇ ಹೇಳಿದ್ದರೆ ಏನಾಗ್ತಿತ್ತೋ ಅವರಿಗೆ!

ಆದರೆ ನಾನು ಎಡವಿದ್ದು ಅಲ್ಲಲ್ಲ. “ಬಯಾಪ್ಸಿ ರಿಪೋರ್ಟ್ ಬಂದಾಗ ನಾವೇ ಫೋನ್ ಮಾಡ್ತೀವಿ” ಅಂದರು. ಫೋನ್ ಬರಲಿಲ್ಲ. ಬರದಿದ್ದರೆ ಏನೂ ಇಲ್ಲ ಅಂತಲೇ ಅರ್ಥ ಅಂದುಕೊಂಡೆ. ನಾಲ್ಕು ತಿಂಗಳಾದ ಮೇಲೆ ಬೇರೆ ಯಾವುದಕ್ಕೋ ಹೋಗಿ, ಹಾಗೇ ನೆನಪಾಗಿ ಕೇಳಿದರೆ ಫೈಲಿನಲ್ಲಿ ‘ಸಿಐಎನ್ 2’ (ಕ್ಯಾನ್ಸರ್ ಅಲ್ಲ, ಆದರೆ ಮಧ್ಯಮ ಮಟ್ಟದ ಕೋಶ ಬದಲಾವಣೆ) ಅಂತ ತಣ್ಣಗೆ ಕೂತಿತ್ತು. ಆ ಭಾಗವನ್ನೇ ತೆಗೆಯುವ ಲೀಪ್ ಚಿಕಿತ್ಸೆ ಮಾಡಿಸಿಕೊಂಡೆ, ಈಗ ಚೆನ್ನಾಗಿದ್ದೀನಿ. ನೀವು ಮಾತ್ರ ಟೇಬಲ್ಲಿಂದ ಇಳಿಯುವ ಮೊದಲೇ ರಿಪೋರ್ಟ್ ಯಾವತ್ತು, ಯಾರನ್ನು ಕೇಳಬೇಕು ಅಂತ ಬರೆಸಿಕೊಳ್ಳಿ. ಕಾಪಿ ನಿಮ್ಮ ಕೈಗೆ ಬರಲಿ.

—

ಮೇಲೆ ಹೇಳಿದಷ್ಟು ಸಲೀಸಾಗಿರಲಿಲ್ಲ ನನಗೆ. ಚೆನ್ನಾಗೇ ನೋಯ್ತು. ಎರಡನೇ ಸಲ ಹೋಗುವಾಗ ಡಾಕ್ಟರನ್ನು ಕೇಳಿ ಮುಂಚೆಯೇ ನೋವಿನ ಮಾತ್ರೆ ತಗೊಂಡೆ, “ಸಾಕು ಅಂದರೆ ನಿಲ್ಲಿಸಿ” ಅಂತಲೂ ಹೇಳಿದ್ದೆ. ನಿಲ್ಲಿಸಿದರು. ಕೇಳೋಕೆ ಸಂಕೋಚ ಬೇಡ.

ಗಂಡನ ವಿಷಯ. ನಮ್ಮಲ್ಲಿ ಎರಡು ವಾರ ಮಾತೇ ಇರಲಿಲ್ಲ, ಅವರಿಗೆ ನನ್ನ ಮೇಲೆ ಅನುಮಾನ, ನನಗೆ ಅವರ ಮೇಲೆ. ಕೊನೆಗೆ ಇಬ್ಬರೂ ಹೋಗಿ ಡಾಕ್ಟರ ಎದುರು ಕೂತೆವು. ಎಚ್‌ಪಿವಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು, ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಟೆಸ್ಟೂ ಹೇಳಲ್ಲ. ಲೈಂಗಿಕ ಸಂಪರ್ಕ ಇರುವ ಬಹುತೇಕರಿಗೆ ಯಾವಾಗಲೋ ಒಮ್ಮೆ ತಗುಲಿ, ಸಾಮಾನ್ಯವಾಗಿ ಎರಡು ವರ್ಷದೊಳಗೆ ಹೋಗುತ್ತಂತೆ. ಹೋಗದೆ ಉಳಿದದ್ದೇ ತೊಂದರೆ ಕೊಡೋದು. ನಿಮ್ಮದು ಯಾವ ಟೈಪ್ ಅಂತ ಕೇಳಿ. ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಬರೋದು 16 ಮತ್ತು 18ರಿಂದ, ಅವಿದ್ದರೆ ಡಾಕ್ಟರು ಹೆಚ್ಚು ಬಿಗಿಯಾಗಿ ನೋಡ್ತಾರೆ. ಸಿಗರೇಟ್ ಸೇದ್ತಿದ್ದರೆ ಬಿಡಿ, ವೈರಸ್ ಹೋಗೋಕೆ ಅದೂ ಅಡ್ಡ.

—

ಲೀಪ್ ಬಗ್ಗೆ ಎರಡು ಮಾತು, ನಿಮಗೆ ಬೇಕಾಗದೇ ಇರಲಿ. ಕರೆಂಟ್ ಹಾಯಿಸಿದ ತಂತಿಯ ಕುಣಿಕೆಯಿಂದ ಆ ಭಾಗವನ್ನು ಕತ್ತರಿಸಿ ತೆಗೀತಾರೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟ ಕೂಡಲೇ ನನ್ನ ಎದೆ ಡವಡವ, ಕಾಲೆಲ್ಲ ನಡುಕ. ಪ್ರಾಣವೇ ಹೋಯ್ತು ಅಂದುಕೊಂಡೆ. ಔಷಧಿಯಲ್ಲಿ ಬೆರೆಸಿದ ಅಡ್ರಿನಲಿನ್‌ನ ಆಟ ಅದು ಅಂತ ನರ್ಸ್ ಕೈಹಿಡಿದು ಹೇಳಿದರು, ಸ್ವಲ್ಪ ಹೊತ್ತಿಗೆ ಇಳೀತು. ಸ್ರಾವ ಮೂರು ನಾಲ್ಕು ವಾರ ಇತ್ತು, ಅಲ್ಲಿವರೆಗೆ ಸಂಪರ್ಕ, ಟ್ಯಾಂಪಾನ್ ಎರಡೂ ಬೇಡ ಅಂದಿದ್ದರು. ಮುಂದೆ ಮಗು ಬೇಕು ಅಂತಿದ್ದರೆ ಮೊದಲೇ ಹೇಳಿ. ಹೆಚ್ಚು ಆಳ ತೆಗೆದರೆ ಅವಧಿಗೆ ಮುಂಚೆ ಹೆರಿಗೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತೆ, ಸಿಐಎನ್ 1 (ಸೌಮ್ಯ ಬದಲಾವಣೆ) ಆದರೆ ಸಾಮಾನ್ಯವಾಗಿ ಕಾದು ನೋಡೋದೇ.

ನನಗೆ ಆರು ತಿಂಗಳಿಗೆ ಎಚ್‌ಪಿವಿ ಟೆಸ್ಟ್, ಆಮೇಲೆ ವರ್ಷಕ್ಕೊಂದು. ಎರಡು ಸಲ ನೆಗೆಟಿವ್ ಬಂದ ಮೇಲೆ, ಇನ್ನೇಕೆ ಅಂತ ಬಿಡೋಕೆ ಹೊರಟಿದ್ದೆ. ಡಾಕ್ಟರು ಗದರಿದರು. ಚಿಕಿತ್ಸೆಯಾದವರು ಎಷ್ಟೋ ವರ್ಷ ಪರೀಕ್ಷೆ ಮಾಡಿಸ್ತಾ ಇರಬೇಕಂತೆ.

—

ಒಂದು ಬಿಟ್ಟುಹೋಗಿದೆ. ಬಯಾಪ್ಸಿ ಆದಮೇಲೆ ಜ್ವರ, ಕೆಟ್ಟ ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಕಂಡರೆ ಅವತ್ತೇ ಹೋಗಿ. ಸಂಪರ್ಕದ ನಂತರ ಅಥವಾ ಮುಟ್ಟಿನ ನಡುವೆ ರಕ್ತ ಕಾಣ್ತಿದ್ದರೆ ಕಾಲ್ಪೋಸ್ಕೋಪಿ ತಾರೀಖಿನ ತನಕ ಕಾಯಬೇಡಿ, ಈಗಲೇ ಹೇಳಿ. ಮುಟ್ಟಿನ ದಿನ ಬಂದರೆ ಫೋನ್ ಮಾಡಿ ತಾರೀಖು ಮುಂದಕ್ಕೆ ಹಾಕಿಸಿ, ಸುಮ್ಮನೆ ತಪ್ಪಿಸಬೇಡಿ.